ಮೋಶೆಯ ಭಾರವಾದ ಕೈಗಳು
(ಮನೆಕೂಟಗಳಿಗೆ ಒಂದು ಪಾಠ. ಓದತಕ್ಕ ಭಾಗಗಳು: ವಿಮೋಚನಕಾಂಡ ೧೭:೮–೧೩, ೧ ತಿಮೊಥೆಯ ೫:೪, ಗಲಾತ್ಯ ೬:೨)



ಇಸ್ರಾಯೇಲ್ಯರು ರೆಫೀದೀಮಿನಲ್ಲಿ ಅಮಾಲೇಕ್ಯರ ಸಂಗಡ ಯುದ್ಧಮಾಡಿದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಯೆಹೋಶುವನು ಬಯಲಿನಲ್ಲಿ ಕಾದಾಡುತ್ತಿರಲು, ಮೋಶೆಯು ಗುಡ್ಡದ ತುದಿಯಲ್ಲಿ ಕೈಯೆತ್ತಿ ನಿಂತನು. ಅವನ ಕೈ ಎತ್ತಿರುವ ತನಕ ಜನರಿಗೆ ಜಯವಾಯಿತು. ಕೈ ಇಳಿದಾಗ ಶತ್ರುಗಳು ಬಲಗೊಂಡರು. ಮೋಶೆಯಾದರೋ ದೇವರ ಸಂಗಡ ಮಾತಾಡಿದ ಸೇವಕನು. ಆದರೂ ಅವನ ಕೈಗಳು ಭಾರವಾದವು. ಶಾಸ್ತ್ರವು ಇದನ್ನು ಮರೆಮಾಡದೆ ತಿಳಿಸುತ್ತದೆ, ಇದಕ್ಕಾಗಿ ಅವನನ್ನು ಗದರಿಸುವದೂ ಇಲ್ಲ. ಆದಕಾರಣ ದಣಿವು ಪಾಪವಲ್ಲವೆಂದು ಮೊದಲು ಕಲಿಯೋಣ. ಆಮೇಲೆ ಆರೋನನೂ ಹೂರನೂ ಮಾಡಿದ್ದನ್ನು ಧ್ಯಾನಿಸಿ, ನಮ್ಮ ಊರುಗಳಲ್ಲಿ ರೋಗಿಗಳನ್ನು ಮನೆಯಲ್ಲಿಯೇ ನೋಡಿಕೊಳ್ಳುವವರ ವಿಷಯದಲ್ಲಿ ನಾವೇನು ಮಾಡತಕ್ಕದ್ದೆಂದು ವಿಚಾರಿಸೋಣ.

೧. ಕೈ ಭಾರವಾದವರು ಯಾರು?

ಗೆಜ್ಜಲಗೆರೆಯೆಂದರೆ ದಾರಿಹೋಕರಿಗೆ ಮಂಡ್ಯ ಹಾಲು ಒಕ್ಕೂಟದ ಡೈರಿಯು ನೆನಪಿಗೆ ಬರುತ್ತದೆ. ಹಳ್ಳಿಯ ಹಾಲಿನ ಸಂಘದಲ್ಲಿ ಪ್ರತಿಯೊಬ್ಬಳ ಹಾಲಿಗೂ ಅಳತೆಯುಂಟು, ಬರೆಯುವ ಪುಸ್ತಕವುಂಟು, ಬಟವಾಡೆಯುಂಟು. ಆದರೆ ಅದೇ ಹೆಂಗಸು ಹಾಲು ಹಾಕಿ ಮನೆಗೆ ಬಂದು ಮಾಡುವ ಇನ್ನೊಂದು ಕೆಲಸಕ್ಕೆ ಅಳತೆಯೂ ಇಲ್ಲ, ಪುಸ್ತಕವೂ ಇಲ್ಲ.

ಅಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅತ್ತೆಗೆ ಲಕ್ವ ಹೊಡೆದು ಎರಡು ವರುಷವಾಯಿತು. ಹಿರಿಯ ಮಗನು ಕಬ್ಬಿನ ಗದ್ದೆಯಲ್ಲಿರುತ್ತಾನೆ. ಕಿರಿಯನು ಬೆಂಗಳೂರಿನಿಂದ ಆಗಾಗ್ಗೆ ಹಣ ಕಳುಹಿಸುತ್ತಾನೆ. ಅತ್ತೆಯನ್ನು ಎತ್ತುವವಳು, ತೊಳೆಯುವವಳು, ಕೂರಿಸಿ ಗಂಜಿ ಕುಡಿಸುವವಳು ಸೊಸೆಯೊಬ್ಬಳೇ. ಮಲಗಿದಲ್ಲೇ ಮಲಗಿದರೆ ಮೈಯಲ್ಲಿ ಹುಣ್ಣಾಗುತ್ತದೆ. ಆದಕಾರಣ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಬೇಕು. ರಾತ್ರಿಯೂ ಇದಕ್ಕೆ ಬಿಡುವಿಲ್ಲ. ಬೆಳಗಾದರೆ ಹಸು ಕೂಗುತ್ತದೆ. ಅವಳ ಸೊಂಟ ಹಿಡಿದಿದೆ. ಒಂದು ದಿವಸ ಅತ್ತೆಯ ಮೇಲೆ ರೇಗಿ, ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಆರು ಭಾನುವಾರದಿಂದ ಆರಾಧನೆಗೆ ಬಂದಿಲ್ಲ. ಸಭೆಯವರು, “ಅವಳ ಭಕ್ತಿ ತಣ್ಣಗಾಯಿತು” ಎಂದುಕೊಳ್ಳುತ್ತಾರೆ.

ಇದು ಒಂದೇ ಮನೆಯ ಸಂಗತಿಯಲ್ಲ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಭಾರತ ಸರಕಾರವು ೨೦೨೪ರಲ್ಲಿ ಲೆಕ್ಕ ತೆಗೆಯಿತು. ಹದಿನೈದರಿಂದ ಐವತ್ತೊಂಬತ್ತು ವಯಸ್ಸಿನವರೊಳಗೆ ಮನೆಯ ಮಕ್ಕಳನ್ನೂ ರೋಗಿಗಳನ್ನೂ ವೃದ್ಧರನ್ನೂ ನೋಡಿಕೊಳ್ಳುವವರು ಹೆಂಗಸರಲ್ಲಿ ನೂರಕ್ಕೆ ೪೧ ಮಂದಿ, ಗಂಡಸರಲ್ಲಿ ೨೧ ಮಂದಿ. ಹಾಗೆ ನೋಡಿಕೊಳ್ಳುವ ಹೆಂಗಸು ದಿನಕ್ಕೆ ೧೪೦ ನಿಮಿಷ ಕೊಟ್ಟರೆ, ಗಂಡಸು ೭೪ ನಿಮಿಷ ಕೊಡುತ್ತಾನೆ.

೨. “ಅದು ಅವಳ ಧರ್ಮ ತಾನೇ?”

ಹೀಗೆ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಪೌಲನು ತಿಮೊಥೆಯನಿಗೆ ಬರೆದ ಪತ್ರಿಕೆಯನ್ನೂ ತೋರಿಸುತ್ತಾರೆ. ಆದರೆ ಆ ವಾಕ್ಯವನ್ನು ಮತ್ತೊಮ್ಮೆ ಓದಿರಿ. ವಿಧವೆಗೆ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಇದ್ದರೆ ಅವರೇ ಹೆತ್ತವರ ಋಣ ತೀರಿಸಲು ಕಲಿಯಬೇಕೆಂಬದೇ ಅಪೊಸ್ತಲನ ಆಜ್ಞೆಯಾಗಿದೆ. ಸೊಸೆಯೊಬ್ಬಳ ತಲೆಯ ಮೇಲೆ ಆತನು ಅದನ್ನು ಹೊರಿಸಲಿಲ್ಲ. ತಾಯಿಯ ಮೈ ತೊಳೆಯುವದು ಮಗನಿಗೆ ನಾಚಿಕೆಯಾದರೆ, ಶಿಷ್ಯರ ಕಾಲು ತೊಳೆದ ಕರ್ತನನ್ನು ಅವನು ನೆನಸಲಿ.

ಈ ತಪ್ಪು ನಮ್ಮ ದೇಶದಲ್ಲಿ ಮಾತ್ರವೇ ಇದ್ದದ್ದಲ್ಲ. ರೋಗಿಗಳನ್ನು ನೋಡಿಕೊಳ್ಳುವದಕ್ಕಾಗಿ ಕೆಲಸ ಬಿಟ್ಟವರಿಗೆ ಬ್ರಿಟನ್ನಿನ ಸರಕಾರವು ೧೯೭೬ರಲ್ಲಿ ಒಂದು ಭತ್ಯವನ್ನು ಏರ್ಪಡಿಸಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ಇಲ್ಲವೆಂದಿತು. ಅವರು ಹೇಗೂ ಮನೆಯಲ್ಲಿರುವವರೆಂಬದೇ ಕಾರಣ. ತನ್ನ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಗೃಹಿಣಿಯು ವ್ಯಾಜ್ಯ ಹೂಡಿದಳು. ೧೯೮೬ರಲ್ಲಿ ಯೂರೋಪಿನ ನ್ಯಾಯಾಲಯವು ಆಕೆಯ ಪಕ್ಷವಾಗಿ ತೀರ್ಪು ಕೊಟ್ಟ ಮೇಲೆ ಮದುವೆಯಾದವರಿಗೂ ಅದು ದೊರೆಯಿತು. ಧರ್ಮವೆಂಬ ಹೆಸರಿಟ್ಟ ಮಾತ್ರಕ್ಕೆ ಹೊರೆಯು ಹಗುರವಾಗುವದಿಲ್ಲ.

೩. ಆರೋನನೂ ಹೂರನೂ ಮಾಡಿದ್ದೇನು?

ಮೊದಲನೆಯದಾಗಿ, ಅವರು ನೋಡಿದರು. ಮೋಶೆಯು ಕೂಗಿ ಕರೆದನೆಂದು ಬರೆದಿಲ್ಲ. ಮನೆಯಲ್ಲಿ ನರಳುವವರು ಸಭೆಯಲ್ಲಿ ಎದ್ದು ಹೇಳುವದಿಲ್ಲ. ನಾವೇ ಬಾಗಿಲಿಗೆ ಹೋಗಬೇಕು. ಹೋದಾಗ ರೋಗಿಯನ್ನು ಮಾತ್ರ ವಿಚಾರಿಸಿ ಬರಬಾರದು, ನೋಡಿಕೊಳ್ಳುವವಳನ್ನೂ, “ಅಕ್ಕಾ, ನೀನು ರಾತ್ರಿ ನಿದ್ದೆ ಮಾಡಿದೆಯಾ? ಊಟ ಮಾಡಿದೆಯಾ?” ಎಂದು ಕೇಳಬೇಕು.

ಎರಡನೆಯದಾಗಿ, ಅವರು ಕಲ್ಲನ್ನು ತಂದು ಮೋಶೆಯನ್ನು ಕೂರಿಸಿದರು. ದಣಿದವನಿಗೆ ಹೊಗಳಿಕೆಗಿಂತ ಮುಂಚೆ ಕೂರುವ ಸ್ಥಳ ಬೇಕು. “ಏನಾದರೂ ಬೇಕಾದರೆ ಹೇಳು” ಎಂದು ಹೇಳಿ ಬರುವದು ಸುಲಭ. ಹೇಳುವ ಸಂಕೋಚವು ಅವಳಿಗೇ ಉಳಿಯುತ್ತದೆ. ಅದರ ಬದಲಾಗಿ, “ಅಕ್ಕಾ, ಈ ಭಾನುವಾರ ನಾನು ಅಮ್ಮನ ಹತ್ತಿರ ಕೂತಿರುತ್ತೇನೆ, ನೀನು ಆರಾಧನೆಗೆ ಹೋಗಿ ಬಾ” ಎಂದು ಹೇಳೋಣ. ಅದೇ ಅವಳಿಗೆ ಇಡುವ ಕಲ್ಲು.

ಮೂರನೆಯದಾಗಿ, ಒಬ್ಬನು ಈ ಕಡೆಯಲ್ಲಿ, ಒಬ್ಬನು ಆ ಕಡೆಯಲ್ಲಿ ಕೈಗಳನ್ನು ಆತುಕೊಂಡರು. ಮೋಶೆಯ ಕೆಲಸವನ್ನು ಅವರು ಕಿತ್ತುಕೊಳ್ಳಲಿಲ್ಲ. ಅವನಿಗೆ ಬುದ್ಧಿ ಹೇಳಲೂ ಇಲ್ಲ. ಎತ್ತಿ ಕೂರಿಸುವಾಗ ಇಬ್ಬರಿದ್ದರೆ ರೋಗಿಯೂ ಬೀಳುವದಿಲ್ಲ, ಸೊಸೆಯ ಬೆನ್ನೂ ಉಳಿಯುತ್ತದೆ. ಒಂದು ಹೊತ್ತು ಹಾಲು ಕರೆದು ಸಂಘಕ್ಕೆ ಹಾಕಿಬರುವದು, ಮಂಡ್ಯದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗುವ ದಿನ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವದು, ಇವೂ ಕೈಯಾತುಕೊಳ್ಳುವದೇ ಸರಿ.

ಅರ್ಜಿ ಬರೆದುಕೊಡುವದೂ ಒಂದು ಸಹಾಯ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ನಾಲ್ಕು ರೋಗಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ೧,೦೦೦ ರೂಪಾಯಿ ಕೊಡುವದಾಗಿ ಕರ್ನಾಟಕ ಸರಕಾರವು ೨೦೨೪–೨೫ರ ಆಯವ್ಯಯದಲ್ಲಿ ಪ್ರಕಟಿಸಿತು. ಲಕ್ವವು ಆ ನಾಲ್ಕರಲ್ಲಿ ಸೇರಿಲ್ಲ. ಆದರೂ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ನೋಡಿಕೊಳ್ಳುವವರ ಭತ್ಯದ ಮಾತು ಸೇರಿದೆ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿದರೆ ಯಾವದು ದೊರೆಯುವದೆಂದು ತಿಳಿಯಬಹುದು. ಮನಸ್ಸು ಕುಗ್ಗಿ ನಿದ್ದೆ ಬಾರದವರು ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು; ಇದಕ್ಕೆ ಹಣ ಕೊಡಬೇಕಾಗಿಲ್ಲ.

೪. ಸೂರ್ಯನು ಮುಳುಗುವ ತನಕ

ಅವರು ಸ್ವಲ್ಪ ಹೊತ್ತು ಆತುಕೊಂಡು ಮನೆಗೆ ಹೋಗಲಿಲ್ಲ. ಹೊತ್ತು ಮುಳುಗುವ ತನಕ ನಿಂತರು. ನಮ್ಮ ಸಹಾಯವು ಅನೇಕಸಾರಿ ಮೊದಲನೆಯ ವಾರದ ಸಹಾಯ. ರೋಗ ಬಂದಾಗ ಮನೆತುಂಬ ಜನ, ಹಣ್ಣು, ಪ್ರಾರ್ಥನೆ. ಆರು ತಿಂಗಳಾದ ಮೇಲೆ ಬಾಗಿಲಲ್ಲಿ ಯಾರೂ ಇಲ್ಲ. ಆದಕಾರಣ ಹಿರಿಯರು ಸರದಿಯ ಪಟ್ಟಿಯನ್ನು ಬರೆಯಲಿ. ನಾಲ್ಕು ಮನೆಗಳವರು ತಿಂಗಳಿಗೆ ಒಂದೊಂದು ಭಾನುವಾರ ವಹಿಸಿಕೊಂಡರೆ ಸಾಕು. ಒಬ್ಬ ಸಹೋದರಿಗೆ ತಿಂಗಳಿಗೆ ನಾಲ್ಕು ಆರಾಧನೆ ದೊರೆಯುತ್ತದೆ. ಹಾಲಿನ ಲೆಕ್ಕವನ್ನು ದಿನಕ್ಕೆರಡು ಸಾರಿ ತಪ್ಪದೆ ಬರೆಯುವ ಊರಿನವರಿಗೆ ಇದು ದೊಡ್ಡ ಕೆಲಸವೇ?

ಅವಳ ಭಕ್ತಿ ತಣ್ಣಗಾಯಿತೆಂದು ಹೇಳಿದೆವಲ್ಲಾ. ಆ ಆರು ಭಾನುವಾರಗಳಲ್ಲಿ ನಮ್ಮ ಪ್ರೀತಿ ಎಲ್ಲಿತ್ತೆಂದು ಕರ್ತನು ನಮ್ಮನ್ನು ಕೇಳಿದರೆ ಏನು ಉತ್ತರ ಕೊಡುವೆವು?

ಪ್ರಶ್ನೆಗಳು

೧. ನಮ್ಮ ಸಭೆಯಲ್ಲಿ ರೋಗಿಯ ನಿಮಿತ್ತ ಆರಾಧನೆಗೆ ಬಾರದವರು ಯಾರು ಯಾರು?
೨. ಆ ಮನೆಯ ಗಂಡುಮಕ್ಕಳು ಯಾವ ಕೆಲಸವನ್ನು ವಹಿಸಿಕೊಂಡಿದ್ದಾರೆ?
೩. ಬರುವ ಭಾನುವಾರ ಅಲ್ಲಿ ಕೂರುವವರು ಯಾರು? ಹೆಸರನ್ನು ಈ ದಿನವೇ ಬರೆಯಿರಿ.

ಪ್ರಾರ್ಥನೆ

ಕರ್ತನೇ, ಶಿಲುಬೆಯ ಮೇಲಿದ್ದಾಗಲೂ ನಿನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದೆ. ಮನೆಯೊಳಗೆ ಒಂಟಿಯಾಗಿ ದುಡಿಯುವವರನ್ನು ಕಾಣುವ ಕಣ್ಣನ್ನೂ, ಅವರ ಕೈಯನ್ನು ಸಾಯಂಕಾಲದ ತನಕ ಆತುಕೊಳ್ಳುವ ತಾಳ್ಮೆಯನ್ನೂ ನಮಗೆ ದಯಪಾಲಿಸು. ಆಮೆನ್.