ಬೆಸುಗೆಯ ಹಿಂದಿನ ವಿಜ್ಞಾನ: ಟರ್ಬೋ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್

ಎಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗವೇ ಇನ್‌ಟೇಕ್ ಮ್ಯಾನಿಫೋಲ್ಡ್. ಇದರಲ್ಲಿ ಗಾಳಿ ತುಂಬುವ ಪೆಟ್ಟಿಗೆ ಪ್ಲೀನಮ್. ಪ್ರತಿ ಸಿಲಿಂಡರಿಗೆ ಹೋಗುವ ಕೊಳವೆ ರನ್ನರ್. ಎಂಜಿನ್ನಿಗೆ ಬೋಲ್ಟ್ ಮಾಡುವ ದಪ್ಪ ತಟ್ಟೆ ಫ್ಲೇಂಜ್. ಅಲ್ಯೂಮಿನಿಯಂ ಹಾಳೆಯಿಂದ ಇದನ್ನು ಕೈಯಾರೆ ತಯಾರಿಸುವವರಿಗೆ ನಮ್ಮ ಪಿಯುಸಿ ಪಾಠಗಳೇ ಬೇಕಾಗುತ್ತವೆ.

ಮೊದಲು ಭೌತಶಾಸ್ತ್ರ. ಪ್ಲೀನಮ್‌ನ ಒಂದು ಬದಿ 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಇರಲಿ. ವಿಸ್ತೀರ್ಣ 0.03 ಚದರ ಮೀಟರ್. ಟರ್ಬೋ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ 1 ಬಾರ್, ಅಂದರೆ 1,00,000 ಪ್ಯಾಸ್ಕಲ್ ಹೆಚ್ಚಿಸಿದರೆ,

ಬಲ = ಒತ್ತಡ × ವಿಸ್ತೀರ್ಣ = 3,000 ನ್ಯೂಟನ್.

ಸುಮಾರು 300 ಕೆ.ಜಿ. ಭಾರ ಹೇರಿದಂತೆ! ಚಪ್ಪಟೆ ಬದಿ ಉಬ್ಬುತ್ತದೆ, ದುರ್ಬಲ ಬೆಸುಗೆ ಬಿರಿಯುತ್ತದೆ. ಆದ್ದರಿಂದಲೇ ಬದಿಗಳನ್ನು ಬಾಗಿಸಿ ದುಂಡಗೆ ಮಾಡುವುದು ಒಳ್ಳೆಯದು.

ಇನ್ನು ರಸಾಯನಶಾಸ್ತ್ರ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಹಾಗೇ ಉಳಿದರೆ ಲೋಹ ಕೂಡಿಕೊಳ್ಳದು. ಟಿಗ್ ವೆಲ್ಡಿಂಗ್‌ನಲ್ಲಿ ಎ.ಸಿ. ವಿದ್ಯುತ್ತಿನ ಒಂದು ಅರ್ಧಾವರ್ತ ಪೊರೆಯನ್ನು ಒಡೆಯುತ್ತದೆ, ಇನ್ನೊಂದು ಲೋಹವನ್ನು ಕಾಯಿಸುತ್ತದೆ. ಆರ್ಗಾನ್ ಅನಿಲ ಹೊಸ ಪೊರೆ ಕಟ್ಟದಂತೆ ತಡೆಯುತ್ತದೆ.

ಅಲ್ಯೂಮಿನಿಯಂ ಕಾದಾಗ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಫ್ಲೇಂಜನ್ನು ದಪ್ಪ ಲೋಹದ ಹಲಗೆಗೆ ಬಿಗಿದೇ ಬೆಸೆದು, ತಣಿದ ಮೇಲೆ ಸಮತಟ್ಟು ಮಾಡಬೇಕು. ಫ್ಲೇಂಜ್ ಸೊಟ್ಟಗಾದರೆ ಗಾಳಿ ಸೋರುತ್ತದೆ.

ಒಂದು ಎಚ್ಚರಿಕೆ: ಕ್ಲೋರಿನ್ ಇರುವ ದ್ರಾವಕದಿಂದ ಲೋಹ ಒರೆಸಿ ಬೆಸೆಯಬೇಡಿ. ಆರ್ಕ್‌ನ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಅದು ಪ್ರಾಣಕ್ಕೇ ಅಪಾಯ.

ನಿಮಗೊಂದು ಲೆಕ್ಕ: ಒತ್ತಡ 1.5 ಬಾರ್ ಹೆಚ್ಚಾದರೆ ಅದೇ ಬದಿಯ ಮೇಲೆ ಬಲವೆಷ್ಟು?