ಬೆಳೆಯುವುದು ಮತ್ತು ನಿಲ್ಲುವುದು

ನಿಮ್ಮ ಅಂಗಳದ ಹಲಸಿನ ಮರಕ್ಕೆ ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದಿದ್ದೀರಿ ಎಂದಿಟ್ಟುಕೊಳ್ಳಿ. ಹತ್ತು ವರ್ಷ ಕಳೆದು ಮರ ಎರಡರಷ್ಟು ಎತ್ತರವಾಯಿತು. ಈಗ ಆ ಮೊಳೆ ಎಲ್ಲಿರುತ್ತದೆ? ಮರದೊಂದಿಗೆ ಅದೂ ಮೇಲೇರಿರಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಅದು ಹೊಡೆದ ಎತ್ತರದಲ್ಲೇ ಇರುತ್ತದೆ. ಹೆಚ್ಚೆಂದರೆ ತೊಗಟೆಯೊಳಗೆ ಹೂತುಹೋಗಿರುತ್ತದೆ. ಅದೇ ಹತ್ತು ವರ್ಷಗಳಲ್ಲಿ ಒಂದು ಮಗುವಿನ ಕೈ, ಕಾಲು, ಮುಖ, ಎದೆ ಎಲ್ಲವೂ ಬೆಳೆಯುತ್ತವೆ. ಈ ವ್ಯತ್ಯಾಸವೇಕೆ? ಉತ್ತರ ಜೀವಕೋಶದಲ್ಲಿದೆ.

ಕೋಶದಿಂದಲೇ ಕೋಶ

1665ರಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬಿರಡೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಪುಟ್ಟ ಕೋಣೆಗಳು ಕಂಡವು. ಕೋಶ ಎಂಬ ಹೆಸರು ಬಂದದ್ದು ಅಲ್ಲಿಂದ. ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತು 1855ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಷೊ ಅವರ ಬರಹದಿಂದ ಪ್ರಸಿದ್ಧವಾಯಿತು. ನೀವೂ ನಾನೂ ತಾಯಿಯ ಗರ್ಭದಲ್ಲಿ ಒಂದೇ ಒಂದು ಕೋಶವಾಗಿ ಆರಂಭವಾದವರು.

ಕೋಶವು ಸುಮ್ಮನೆ ಎರಡಾಗಿ ತುಂಡಾಗುವುದಿಲ್ಲ. ಮೊದಲು ಅದು ಆಹಾರ ಹೀರಿಕೊಂಡು ಗಾತ್ರದಲ್ಲಿ ಬೆಳೆಯುತ್ತದೆ. ಬಳಿಕ ತನ್ನ ವರ್ಣತಂತುಗಳ ಪೂರ್ಣ ನಕಲನ್ನು ಸಿದ್ಧಪಡಿಸುತ್ತದೆ. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೆ ಈರುಳ್ಳಿಯಲ್ಲಿ 16. ನಕಲು ಮುಗಿದ ನಂತರ ಅವು ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ನವಿರಾದ ಎಳೆಗಳು ಅವನ್ನು ಸಮಪಾಲಾಗಿ ಎರಡು ಕಡೆಗೆ ಸೆಳೆಯುತ್ತವೆ. 1882ರಲ್ಲಿ ವಾಲ್ಟರ್ ಫ್ಲೆಮಿಂಗ್ ಈ ಹಂತಗಳನ್ನು ಚಿತ್ರಸಹಿತ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶಕ್ಕೆ ಈ ಇಡೀ ಕೆಲಸಕ್ಕೆ ಸುಮಾರು 24 ಗಂಟೆ ಬೇಕು. ಅದರಲ್ಲಿ ವಿಭಜನೆಗೆ ತಗಲುವುದು ಸುಮಾರು ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಸಿದ್ಧತೆ.

ಸಸ್ಯದ ದಾರಿ, ಪ್ರಾಣಿಯ ದಾರಿ

ಪ್ರಾಣಿಕೋಶವು ನಡುವಿನಲ್ಲಿ ದಾರ ಬಿಗಿದ ಹಿಟ್ಟಿನ ಉಂಡೆಯಂತೆ ಹೊರಗಿನಿಂದ ಒಳಕ್ಕೆ ಕುಗ್ಗಿ ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿಯಾದ ಭಿತ್ತಿ ಇರುವುದರಿಂದ ಅದು ಹಾಗೆ ಕುಗ್ಗಲಾರದು. ಅದು ನಡುವಿನಿಂದ ಆರಂಭಿಸಿ ಅಂಚಿನವರೆಗೆ ಹೊಸ ಗೋಡೆ ಕಟ್ಟುತ್ತದೆ. ಗೋಡೆಗಳಿಂದ ಬಂಧಿತವಾದ ಸಸ್ಯಕೋಶಗಳು ಸ್ಥಳ ಬದಲಿಸುವುದಿಲ್ಲ. ಮರ ಎತ್ತರವಾಗುವುದು ಮುಖ್ಯವಾಗಿ ತುದಿಗಳಲ್ಲಿ. ಅಲ್ಲಿ ಹುಟ್ಟಿದ ಕೋಶಗಳು ನೀರು ತುಂಬಿಕೊಂಡು ಹಲವು ಪಟ್ಟು ಉದ್ದವಾಗುತ್ತವೆ. ತೊಗಟೆಯ ಒಳಗಿನ ಒಂದು ತೆಳು ಪದರವು ವಿಭಜಿಸಿ ಕಾಂಡವನ್ನು ದಪ್ಪಗೊಳಿಸುತ್ತದೆ. ಮೊಳೆ ಅಲ್ಲೇ ಉಳಿದು ಒಳಗೆ ಹೂತುಹೋಗಲು ಇದೇ ಕಾರಣ.

ಇದನ್ನು ನೀವೇ ಪರೀಕ್ಷಿಸಬಹುದು. ಹಲಸಂದೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಮೊಳೆಯಿಸಿ. ಬೇರು ಒಂದು ಅಂಗುಲ ಬಂದಾಗ ಅದರ ಮೇಲೆ ಸಮಾನ ಅಂತರದಲ್ಲಿ ಶಾಯಿಯ ಗೆರೆಗಳನ್ನು ಎಳೆಯಿರಿ. ಮರುದಿನ ನೋಡಿದರೆ ತುದಿಯ ಹತ್ತಿರದ ಗೆರೆಗಳು ದೂರವಾಗಿರುತ್ತವೆ. ಮೇಲಿನವು ಇದ್ದಂತೆಯೇ ಇರುತ್ತವೆ.

ಮನುಷ್ಯ ದೇಹದ ಕ್ರಮ ಬೇರೆ. ಮಕ್ಕಳ ಉದ್ದ ಮೂಳೆಗಳ ಕೊನೆಗಳಲ್ಲಿರುವ ಮೃದ್ವಸ್ಥಿಯಲ್ಲಿ ಕೋಶಗಳು ವಿಭಜಿಸುತ್ತವೆ. ಹದಿಹರೆಯ ಮುಗಿಯುವ ಹೊತ್ತಿಗೆ ಅದು ಮೂಳೆಯಾಗಿ ಎತ್ತರ ನಿಲ್ಲುತ್ತದೆ. ಆದರೆ ವಿಭಜನೆ ನಿಲ್ಲುವುದಿಲ್ಲ. ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ. ಆ ನಷ್ಟ ತುಂಬಲು ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ತಯಾರಿಸುತ್ತದೆ. ಬೆರಳಿಗೆ ಗಾಯವಾದರೆ ಅಂಚಿನ ಚರ್ಮಕೋಶಗಳು ವಿಭಜಿಸಿ ಅದನ್ನು ಮುಚ್ಚುತ್ತವೆ. ಮುಚ್ಚಿದೊಡನೆ ಆ ಅವಸರ ನಿಲ್ಲುತ್ತದೆ.

ನಿಲ್ಲಿಸುವ ಕಾವಲು

ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ಈ ನಿಲ್ಲುವಿಕೆಯನ್ನು. ಭ್ರೂಣದ ಕೈ ಮೊದಲು ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ನಡುವಿನ ಕೋಶಗಳು ತಾವಾಗಿ ಸಾಯುವುದರಿಂದಲೇ ಐದು ಬೆರಳುಗಳು ಬೇರೆಯಾಗುತ್ತವೆ. ವಿಭಜನೆಯ ಹಾದಿಯಲ್ಲಿಯೂ ತಪಾಸಣಾ ಠಾಣೆಗಳಿವೆ. ನಕಲು ಸರಿಯಿಲ್ಲದಿದ್ದರೆ ಕೋಶ ತಡೆದು ದುರಸ್ತಿ ಮಾಡುತ್ತದೆ. ದುರಸ್ತಿ ಸಾಧ್ಯವಾಗದಿದ್ದರೆ ಹಲವು ವೇಳೆ ತನ್ನನ್ನೇ ನಾಶಪಡಿಸಿಕೊಳ್ಳುತ್ತದೆ. ವಿಭಜನೆಯನ್ನು ನಿಯಂತ್ರಿಸುವ ಈ ವ್ಯವಸ್ಥೆಯ ಸಂಶೋಧನೆಗಾಗಿ ಲೀಲ್ಯಾಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಅವರಿಗೆ 2001ರ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಕಾವಲು ಕೆಟ್ಟಾಗ ಬರುವ ರೋಗವೇ ಕ್ಯಾನ್ಸರ್. ಅದು ಹೊರಗಿನಿಂದ ನುಗ್ಗಿದ ಶತ್ರುವಲ್ಲ, ಮಿತಿ ಮರೆತ ನಮ್ಮದೇ ಕೋಶ. ಸಾಮಾನ್ಯವಾಗಿ ಒಂದೇ ಪೆಟ್ಟಿಗೆ ಕಾವಲು ಮುರಿಯುವುದಿಲ್ಲ. ವರ್ಷಗಟ್ಟಲೆ ಹಾನಿ ಕೂಡಿಬರಬೇಕು. ಹೊಗೆಸೊಪ್ಪು ಆ ಹಾನಿಯನ್ನು ದಿನವೂ ಕೂಡಿಸುತ್ತದೆ. ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಮಾತಾಗಿರುವ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ಜಗಿಯುತ್ತೇನೆ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಬಾಯಿಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಯಾವುದಿದ್ದರೂ ನೋವಿಲ್ಲವೆಂದು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಎಷ್ಟೋ ವರ್ಷ ಜಗಿದಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ ಎಂದೂ ಕೇಳಬೇಡಿ. ಬಿಟ್ಟ ದಿನದಿಂದ ಹೊಸ ಹಾನಿ ಕೂಡುವುದು ನಿಲ್ಲುತ್ತದೆ, ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮನೆಯ ಹಿರಿಯರಿಗೂ ಈ ಮಾತನ್ನು ಮೆಲ್ಲಗೆ ತಿಳಿಸಿ.