ನೀರು ಸುರಿಯುವ ಮೊದಲು ಫ್ಯಾನ್ ನೋಡಿ

ಪಿಕಪ್ ಗಾಡಿ ನಂಬಿಕೊಂಡು ಸಂಸಾರ ನಡೆಸುವವರಿಗೆಲ್ಲ ನನ್ನದೊಂದು ಮಾತಿದೆ, ಸ್ವಲ್ಪ ಕೂತು ಕೇಳಿ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ತುಂಬಿಕೊಂಡು ಹೆದ್ದಾರಿ ಹಿಡಿದರೆ ಹೀಟ್ ಮುಳ್ಳು ಅಲುಗಾಡದೆ ನಿಂತಿರುತ್ತದೆ. ಅದೇ ಗಾಡಿ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ತೆವಳತೊಡಗಿದರೆ ಮುಳ್ಳು ಮೇಲಕ್ಕೆ ಹತ್ತುತ್ತದೆ. ಆಗ ನೀವು ಪಕ್ಕಕ್ಕೆ ನಿಲ್ಲಿಸಿ ಎರಡು ಬಾಟಲಿ ನೀರು ಸುರಿದು ಮತ್ತೆ ಹೊರಡುತ್ತೀರಿ. ನಾಳೆಯೂ ಅದೇ, ನಾಡಿದ್ದೂ ಅದೇ. ಹೀಗೆ ಮಾಡಬಾರದು ಕಣ್ರಪ್ಪಾ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ, ನಿಧಾನವಾದಾಗ ಗಾಳಿ ಎಳೆಯುವ ಕೆಲಸವೆಲ್ಲ ಫ್ಯಾನಿನದು. ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಬಿಸಿಯಾಗುವ ಗಾಡಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಫ್ಯಾನ್ ಕ್ಲಚ್ಚನ್ನು.

ಬೊಲೆರೊ, ಟಾಟಾ 207 ತರಹದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾನಿನ ನಡುವೆ ಒಂದು ದುಂಡನೆಯ ಡಬ್ಬಿ ಇರುತ್ತದೆ. ಅದೇ ಫ್ಯಾನ್ ಕ್ಲಚ್. ಒಳಗೆ ಗಟ್ಟಿ ಸಿಲಿಕೋನ್ ಎಣ್ಣೆ, ಮುಂದುಗಡೆ ಎರಡು ಲೋಹ ಬೆಸೆದ ಪುಟ್ಟ ಪಟ್ಟಿ. ರೇಡಿಯೇಟರಿನಿಂದ ಬರುವ ಗಾಳಿ ಕಾದರೆ ಪಟ್ಟಿ ಬಾಗಿ ಒಳಗಿನ ಕಿಂಡಿ ತೆರೆಯುತ್ತದೆ, ಎಣ್ಣೆ ಬಿಲ್ಲೆಗಳ ನಡುವೆ ನುಗ್ಗಿ ಫ್ಯಾನನ್ನು ಹಿಡಿದು ಜೋರಾಗಿ ತಿರುಗಿಸುತ್ತದೆ. ತಣ್ಣಗಾದರೆ ಹಿಡಿತ ಬಿಡುತ್ತದೆ. ಎಣ್ಣೆ ಸೋರಿಹೋದರೆ ಹಿಡಿತವೇ ಇರುವುದಿಲ್ಲ, ಫ್ಯಾನ್ ಸುಮ್ಮನೆ ತಿರುಗುತ್ತಿರುತ್ತದೆ ಅಷ್ಟೆ. ಸಣ್ಣ ಗಾಡಿಗಳಲ್ಲಿ ಕರೆಂಟಿನ ಫ್ಯಾನ್ ಇದ್ದರೆ ಈ ಕ್ಲಚ್ಚಿನ ಗೊಡವೆ ಇಲ್ಲ. ನಿಮ್ಮದರಲ್ಲಿ ಯಾವುದಿದೆ ಎಂದು ಮೊದಲು ಬಾನೆಟ್ ಎತ್ತಿ ನೋಡಿಕೊಳ್ಳಿ.

ಪರೀಕ್ಷೆ ಕಷ್ಟವೇನಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಕೈಯಿಂದ ಫ್ಯಾನ್ ತಿರುವಿ ಬಿಡಿ. ಸ್ವಲ್ಪ ಬಿಗಿಯಾಗಿ ತಿರುಗಿ ಬೇಗ ನಿಂತರೆ ಸರಿ. ಗಿರಗಿರನೆ ಮೂರು ನಾಲ್ಕು ಸುತ್ತು ಹಾಕಿದರೆ ಎಣ್ಣೆ ಹೋಗಿದೆ ಎಂದೇ ತಿಳಿಯಿರಿ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, 6 ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಬೇರಿಂಗ್ ಸವೆದಿದೆ. ಡಬ್ಬಿಯ ಸುತ್ತ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಅದೂ ಸೋರಿಕೆಯ ಗುರುತು. ಬಿಸಿ ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಲೇ ಇದ್ದರೆ ಅದೂ ಒಳ್ಳೆಯದಲ್ಲ. ಇದಕ್ಕೆ ತಿರುಗುಮುರುಗಾದ ಕಾಯಿಲೆಯೂ ಉಂಟು. ಕ್ಲಚ್ ಕಚ್ಚಿಕೊಂಡು ಬಿಡದೇ ಹೋದರೆ ದಿನವಿಡೀ ಫ್ಯಾನ್ ಮೊರೆಯುತ್ತದೆ, ಮೈಲೇಜ್ ಇಳಿಯುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಮೊರೆದು ಸುಮ್ಮನಾದರೆ ಮಾತ್ರ ಗಾಬರಿ ಬೇಡ. ರಾತ್ರಿ ನಿಂತಾಗ ಒಳಗೆ ಹರಿದಿದ್ದ ಎಣ್ಣೆ ತನ್ನ ಜಾಗಕ್ಕೆ ಮರಳುವವರೆಗೆ ಹಾಗಾಗುತ್ತದೆ.

ಕ್ಲಚ್ಚಿನ ಮೇಲೆ ತಪ್ಪು ಹೊರಿಸುವ ಮುಂಚೆ ಇನ್ನೊಂದೆರಡು ನೋಡಿ. ಗುಬ್ಬಿ ಕಡೆ ತೆಂಗಿನಕಾಯಿ, ಅಡಿಕೆ ಸಾಗಿಸುವ ಗಾಡಿಗಳು ತೋಟದ ಮಣ್ಣುದಾರಿಯಲ್ಲಿ ಓಡಾಡಿ ರೇಡಿಯೇಟರಿನ ಸಂದಿಯಲ್ಲೆಲ್ಲ ಧೂಳು, ನಾರು, ಹುಳುಗಳನ್ನು ತುಂಬಿಕೊಂಡಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ, ಜೋರು ಪ್ರೆಶರ್ ಕೊಟ್ಟರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಬೆಲ್ಟ್ ಸಡಿಲವಾಗಿದೆಯೇ, ಕೂಲೆಂಟ್ ಮಟ್ಟ ಎಷ್ಟಿದೆ, ಥರ್ಮೋಸ್ಟಾಟ್ ತೆರೆಯುತ್ತಿದೆಯೇ ಎಂದೂ ನೋಡಿಸಿ. ನಮ್ಮ ಬೋರ್‌ವೆಲ್ ನೀರು ಗಡಸು ಕಣ್ರೀ. ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವ ನೀರು ರೇಡಿಯೇಟರಿನಲ್ಲೂ ಕರೆ ಕಟ್ಟದೇ ಇದ್ದೀತೇ? ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿಯೇ ಹಾಕಿ.

ಈಗ ಮಾಡಬಾರದ್ದನ್ನು ಹೇಳುತ್ತೇನೆ, ಇದನ್ನು ಮರೆಯಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಮುಚ್ಚಳದ ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತಿರುಗಿಸಿದ ಕ್ಷಣದಲ್ಲಿ ಮುಖಕ್ಕೆ ಚಿಮ್ಮುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮುಳ್ಳು ಏರಿದರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ಬನ್ನಿ. ಕೆಂಪು ಮುಟ್ಟಿದರೆ ಎಂಜಿನ್ ನಿಲ್ಲಿಸಿ, ಮೇಲಿನ ಹೋಸ್ ಕೈಗೆ ತಣ್ಣಗೆ ಸಿಗುವವರೆಗೂ ಕಾಯಿರಿ. ಸುಡುವ ಎಂಜಿನ್ ಮೇಲೆ ತಣ್ಣೀರು ಎರಚಿ ಹೆಡ್ಡಿಗೆ ಬಿರುಕು ತರಿಸಿಕೊಳ್ಳಬೇಡಿ.

ಎರಡನೆಯದು, ಹಳೆಯ ಕ್ಲಚ್ಚಿಗೆ ತೂತು ಕೊರೆದು ಬೋಲ್ಟ್ ಹಾಕಿಸುವುದು, ಇಲ್ಲವೇ ವೆಲ್ಡ್ ಮಾಡಿಸಿ ಫ್ಯಾನ್ ಲಾಕ್ ಮಾಡಿಸುವುದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ ಇದು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಎಂಜಿನಿನಿಂದ ಎಳೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ಲಾಕ್ ಆದ ಫ್ಯಾನ್ ಹೆದ್ದಾರಿಯಲ್ಲಿ ನಿಮ್ಮ ಡೀಸೆಲ್ಲನ್ನೇ ತಿನ್ನುತ್ತದೆ, ವಾಟರ್ ಪಂಪಿನ ಬೇರಿಂಗ್ ಸವೆಸುತ್ತದೆ, ರೆಕ್ಕೆ ಮುರಿದು ಹಾರಿದರೆ ರೇಡಿಯೇಟರನ್ನೂ ಸೀಳುತ್ತದೆ. ಥರ್ಮೋಸ್ಟಾಟ್ ಕಿತ್ತು ಬಿಸಾಡುವುದೂ ಇದೇ ಜಾತಿಯ ಕೆಲಸ. ಯಾರು ಎಷ್ಟು ಒತ್ತಾಯ ಮಾಡಿದರೂ ಒಪ್ಪಬೇಡಿ.

ಕ್ಲಚ್ ಬದಲಿಸುವ ದಿನ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಹೆಗಲ ಮೇಲಿನ ಟವೆಲ್ ತೆಗೆದು ಸೀಟಿನ ಮೇಲಿಡಿ. ಕತ್ತಿನ ಸರ, ಕೈಯ ಕಾಶಿದಾರ, ತೋಳಿನ ಗುಂಡಿ ಎಲ್ಲವನ್ನೂ ಗಮನಿಸಿ. ತಿರುಗುವ ಫ್ಯಾನಿಗೆ ನಿಮ್ಮ ಮುಖ ನೋಡುವ ದಾಕ್ಷಿಣ್ಯ ಇಲ್ಲ. ರೇಡಿಯೇಟರಿಗೂ ಫ್ಯಾನಿಗೂ ನಡುವೆ ಒಂದು ರಟ್ಟು ಇಳಿಬಿಡಿ, ಸ್ಪ್ಯಾನರ್ ಜಾರಿದರೂ ರೇಡಿಯೇಟರಿಗೆ ಪೆಟ್ಟು ಬೀಳುವುದಿಲ್ಲ. ಕೆಲವು ಗಾಡಿಗಳಲ್ಲಿ ಕ್ಲಚ್ಚನ್ನು ಪುಲ್ಲಿಗೆ ನಾಲ್ಕು ಬೋಲ್ಟಿನಿಂದ ಕಟ್ಟಿರುತ್ತಾರೆ, ಕೆಲವದರಲ್ಲಿ ಒಂದೇ ದೊಡ್ಡ ನಟ್ಟು. ಆ ನಟ್ಟಿನಲ್ಲಿ ಉಲ್ಟಾ ಥ್ರೆಡ್ ಇರುವುದುಂಟು. ಗೊತ್ತಿಲ್ಲದೆ ಎಳೆದೆಳೆದು ಮುರಿದುಕೊಳ್ಳುವ ಬದಲು ನಿಮ್ಮ ಮಾಡೆಲ್ಲಿನ ಪುಸ್ತಕ ನೋಡಿ. ಬೆಲ್ಟ್ ಬಿಗಿಯಾಗಿರುವಾಗಲೇ ನಟ್ಟು ಬೋಲ್ಟು ಸಡಿಲಿಸಿದರೆ ಪುಲ್ಲಿ ಸುತ್ತುವುದಿಲ್ಲ. ಫ್ಯಾನಿನ ಸುತ್ತಲ ಕವರ್ ಬಿಚ್ಚಿದ ಮೇಲೆ ಕವರನ್ನೂ ಫ್ಯಾನನ್ನೂ ಒಟ್ಟಿಗೇ ಎತ್ತಬೇಕಾದೀತು.

ಈ ಹೊತ್ತಿನಲ್ಲಿ ವಾಟರ್ ಪಂಪ್ ನೋಡುವುದನ್ನು ಬಿಡಬೇಡಿ. ಪುಲ್ಲಿ ಅಲ್ಲಾಡಿಸಿ, ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಜಿನುಗಿದ ಕಲೆ ಇದೆಯೇ ನೋಡಿ. ಸವೆದ ಕ್ಲಚ್ಚಿನ ಅಲುಗಾಟ ಪಂಪಿಗೆ ದಾಟಿರುತ್ತದೆ. ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುವುದು ಇದಕ್ಕೇ. ಪಂಪೂ ಹೋಗಿದ್ದರೆ ಎರಡನ್ನೂ ಒಂದೇ ಸಲ ಹಾಕಿಸಿ, ಕೂಲಿ ಒಂದೇ ಆಗುತ್ತದೆ. ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಫ್ಯಾನ್ ಬದಲಿಸಿ, ಅಂಟು ಹಾಕಿ ಉಳಿಸಬೇಡಿ. ಹೊಸ ಕ್ಲಚ್ಚನ್ನು ಅಂಗಡಿಯಿಂದ ತರುವಾಗ ಮಲಗಿಸದೆ ಗಾಡಿಯಲ್ಲಿ ಕೂರುವ ಹಾಗೇ ನಿಲ್ಲಿಸಿಕೊಂಡು ತನ್ನಿ, ಎಣ್ಣೆ ಸೋರಬಾರದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅಳತೆ ಸರಿನೋಡಿ ಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಡಬ್ಬಿ ತರಬೇಡಿ, ಬಿಲ್ ಕೇಳಿ ಪಡೆಯಿರಿ. ಬೋಲ್ಟುಗಳನ್ನು ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಸಿ, ಫ್ಯಾನಿನ ಮುಖ ಹಿಂದುಮುಂದಾಗದಂತೆ ನೋಡಿಕೊಳ್ಳಿ, ಕೈಯಿಂದ ಒಂದು ಸುತ್ತು ತಿರುಗಿಸಿ ಕವರಿಗೆ ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಪಂಪ್ ಬದಲಿಸಲು ಬಸಿದ ಕೂಲೆಂಟನ್ನು ತೆರೆದ ಬಾಣಲಿಯಲ್ಲಿ ಬಿಡಬೇಡಿ. ಅದು ಸಿಹಿಯಾದ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳ ಕೈಗೂ ಸಿಗಬಾರದು.

ಕುಣಿಗಲ್ ಕಡೆಯವರಿಗೆ ಇನ್ನೂ ಒತ್ತಿ ಹೇಳುತ್ತೇನೆ. ನೀವು ಹಾಸನ, ಸಕಲೇಶಪುರ ದಾಟಿ ಮಂಗಳೂರಿಗೆ ಲೋಡ್ ಒಯ್ಯುವವರು. ವಾಪಸು ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಗೇರು ಸಣ್ಣದು, ವೇಗ ಕಡಿಮೆ, ಎಂಜಿನಿಗೆ ದುಡಿತ ಜಾಸ್ತಿ, ಎದುರುಗಾಳಿ ಇಲ್ಲವೇ ಇಲ್ಲ. ಸೋತ ಫ್ಯಾನ್ ಕ್ಲಚ್ ಕೈಕೊಡುವುದು ಅಲ್ಲೇ. ಹೆಡ್ ಗ್ಯಾಸ್ಕೆಟ್ ಸುಟ್ಟು ರಾತ್ರಿ ಘಾಟಿಯಲ್ಲಿ ನಿಂತರೆ ಟೋಯಿಂಗ್ ಖರ್ಚು ಬೇರೆ, ಕೊಳೆತ ಮಾಲಿನ ನಷ್ಟ ಬೇರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವವರೆಗೆ ಯಾಕೆ ಬಿಡುತ್ತೀರಿ? ಯುಗಾದಿ ಬಿಸಿಲು ಏರುವ ಮುಂಚೆಯೇ ಒಮ್ಮೆ ನೋಡಿಸಿಬಿಡಿ.

ಹೊಸದು ಹಾಕಿದ ದಿನವೇ ಘಾಟಿಗೆ ಹೊರಡಬೇಡಿ. ಖಾಲಿ ಗಾಡಿಯಲ್ಲಿ ಹೆಬ್ಬೂರಿನವರೆಗೆ ಹೋಗಿ ಬನ್ನಿ, ಬಂದು ಅರ್ಧ ಗಂಟೆ ಎಂಜಿನ್ ಓಡುತ್ತಾ ನಿಲ್ಲಲಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ, ಫ್ಯಾನ್ ಹಿಡಿಯುವಾಗಿನ ಸದ್ದು ಕೇಳಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ, ಬೋಲ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಆಮೇಲೆ ಲೋಡ್ ಹಾಕಿ.